ಭಾನುವಾರ, ಕಾಸೆಲ್ ಬಳಿ

ಭಾನುವಾರ ಇಲ್ಲಿ ಲಾರಿ ಓಡುವಂತಿಲ್ಲ.
ರಿಮಾಂತಾಸ್ ಶೂ ಬಿಚ್ಚಿ ಮೆಟ್ಟಿಲ ಮೇಲಿಟ್ಟ.
ಒಳಗೆ ಅಕ್ಕ ನೇಯ್ದ ಜಮಖಾನದ ತುಂಡು,
ಉಣ್ಣೆಯ ಚಪ್ಪಲಿ.

ಬೀಟ್‌ರೂಟ್ ಸಾರನ್ನು ಬಟ್ಟಲಿಗೆ ಬಗ್ಗಿಸಿ
ನೋಡುತ್ತ ಕೂತ, ಯಾವ ಕಡೆ ವಾಲುತ್ತದೆಂದು.
ಎಡಕ್ಕೆ, ಅರ್ಧ ಬೆರಳು.
ಸರಿ, ಇವತ್ತು ತಲೆ ಬಲಕ್ಕೆ.

ಹನ್ನೊಂದು ವರ್ಷದ ಬದುಕು
ಮಲಗಿದಲ್ಲಿಂದಲೇ ಕೈಗೆಟುಕುತ್ತದೆ:
ಉಪ್ಪು, ಟಾರ್ಚು, ಓದುವ ಕನ್ನಡಕ,
ಪರದೆಗೆ ಚುಚ್ಚಿಟ್ಟ ಸೂಜಿ, ಅದರಲ್ಲೇ ಕಪ್ಪು ದಾರ.

ಪಕ್ಕದ ಫ್ರಿಜ್ ಲಾರಿಯ ಗೊರಕೆ
ಥಟ್ಟನೆ ನಿಂತಿತು.
ಬಾಗಿಲು ತಟ್ಟಿದ್ದು ಅದರ ಹುಡುಗ.
'ಚೂರು ಉಪ್ಪು ಸಿಗುತ್ತಾ?'
'ಸಿಗುತ್ತೆ. ಶೂ ಬಿಚ್ಚಿ ಬಾ.'

ಹುಡುಗ ತಡೆದ, ಕೆಂಪಾದ.
ಕಾಲ್ಚೀಲದ ತೂತಿನಿಂದ
ಹೆಬ್ಬೆರಳು ಇಣುಕಿತು.

ರಿಮಾಂತಾಸ್ ಉಪ್ಪಿಗೆ ಕೈ ಹಾಕಲಿಲ್ಲ,
ಪರದೆಯಿಂದ ಸೂಜಿ ಕಿತ್ತ.
ಸಾರು ಆರುತ್ತಿತ್ತು,
ಇನ್ನೂ ಎಡಕ್ಕೇ ವಾಲಿಕೊಂಡು.