ವಾಲಿದ ಕಡೆಗೆ

‘ಟ್ರಕ್ ಮಾಡಿಕೊಡ್ತೀರಾ ಅಂಕಲ್?’ ಕೇಳಿದಳು ಜೊವಿಟಾ.
ನಾನು ಲೇತು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ
ಬಂದರಿನ ರಸ್ತೆಯಲ್ಲಿ ಐಸಿನ ನೀರು ಸುರಿಸುತ್ತ ನಿಂತ
ಹತ್ತು ಚಕ್ರದ ಲಾರಿಯನ್ನೊಮ್ಮೆ ನೋಡಿದೆ.

‘ಅದಲ್ಲ ಮಾರಾಯ್ರೆ, ಇದು.’
ಚೀಲದಿಂದ ತೆಗೆದದ್ದು
ಕಾಲು ಕಿತ್ತ ಏಡಿಯಂಥ ಒಂದು ಲೋಹದ ತುಂಡು.
ಹಲಗೆಯ ಅಡಿಗೆ ಇಂಥವು ಎರಡಂತೆ,
ಮುಂದೊಂದು, ಹಿಂದೊಂದು,
ಹಲಗೆ ಬಾಗಿದರೆ ಚಕ್ರಕ್ಕೆ ತಿಳಿಸುವುದು ಇದರ ಕೆಲಸ.

ನಲವತ್ತು ವರ್ಷ ನಾನು ದೋಣಿಯವರ ಪೈಕಿ.
ಶಾಫ್ಟು, ಚುಕ್ಕಾಣಿಯ ಬುಷ್ಷು, ಪಂಪಿನ ಗ್ಲಾಂಡು.
ನೆಲದ ಮೇಲೆ ಓಡುವ ಯಾವುದೂ
ಈ ಚಕ್ಕಿಗೆ ಸಿಕ್ಕಿದ್ದಿಲ್ಲ.

ಡೀಸೆಲ್ ಬಿಲ್ಲಿನ ಬೆನ್ನಿಗೆ ಗೆರೆ ಎಳೆದಳು:
ಇದು ಕಿಂಗ್‌ಪಿನ್ನು, ಇದು ಪಿವೊಟ್ಟು,
ನಡುವೆ ಎರಡು ರಬ್ಬರು.
‘ಅಂಗಡಿಯದ್ದು ಸಪಾಟು ಊರಿನವರಿಗೆ.
ನಮ್ಮಲ್ಲಿ ಎಲ್ಲಿ ಉಂಟು ಸಪಾಟು?
ಬೆಂದೂರಿನಿಂದ ಇಳಿಯುವಾಗ ಹಿಂದಿನದು ನಡುಗುತ್ತದೆ,
ಜ್ವರ ಬಂದ ಹಾಗೆ.
ಮುಂದೆ ಐವತ್ತು ಡಿಗ್ರಿ ಇರಲಿ, ಹಿಂದೆ ಮೂವತ್ತು ಸಾಕು.’

ವಾರ ಬಿಟ್ಟು ಅಚ್ಚು ತಂದಳು.
ಶ್ಯಾವಿಗೆ ಒತ್ತಿದ ಹಾಗೆ
ಎಳೆಯ ಮೇಲೆ ಎಳೆ ಒತ್ತಿ ಪ್ರಿಂಟರು ಕೊಟ್ಟ ಪ್ಲಾಸ್ಟಿಕ್ಕು.
ಅಳೆದು ನೋಡಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ.
ಅದೇ ತಪ್ಪು.
‘ಅಲ್ಯುಮಿನಿಯಂ ತಣಿಯುವಾಗ ಕುಗ್ಗುತ್ತದೆ ಮಗಾ,
ನೂರು ಮಿಲ್ಲಿಗೆ ಒಂದೂಕಾಲು.
ನಿನ್ನ ಕಂಪ್ಯೂಟರಿಗೆ ಯಾರೂ ಹೇಳಲಿಲ್ಲವಾ?’

ಬೈಕಂಪಾಡಿಯಲ್ಲಿ ಚೆಯ್ಯಬ್ಬ ಎರಕ ಹೊಯ್ದ,
ಹಳೇ ಪಿಸ್ಟನ್ನುಗಳ ಕರಗಿಸಿ.
ಮೊದಲನೆಯದು ನೀರುದೋಸೆ, ಬರೀ ತೂತು.
ಎರಡನೆಯದಕ್ಕೆ ಒಂದು ಕಿವಿಯೇ ಇಲ್ಲ.
ಮೂರನೆಯದು ಚಂದ ಬಂತು.
ನಾನೇ ಕೊರೆದೆ, ನಾನೇ ತೀಡಿದೆ,
ಮಗುವಿನ ಹಾಗೆ ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಮರುದಿನ ಸಂಜೆ ಕರ್ಚೀಫಿನಲ್ಲಿ ಎರಡು ತುಂಡು.
ಮುರಿದಲ್ಲಿ ಸಕ್ಕರೆಯ ಹರಳಿನಂತೆ ಹೊಳೆಯುತ್ತಿತ್ತು.
ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.
ಒಳಮೂಲೆಯನ್ನು ಚೂಪಾಗಿ ಬಿಟ್ಟಿದ್ದೆ,
ಎರಡು ಮಿಲ್ಲಿ ದುಂಡು ಕೊಡಬೇಕಿತ್ತು.
ಬಿರುಕು ಅಲ್ಲಿಂದಲೇ ಹೊರಟಿದೆ.
‘ತಪ್ಪು ನನ್ನದು’ ಎಂದು ತಲೆಯೆತ್ತಿದಾಗಷ್ಟೇ ಕಂಡದ್ದು
ಅವಳ ಮೊಣಕೈ,
ಭುಜದವರೆಗೆ ಕಿತ್ತುಹೋದ ಚರ್ಮ.
‘ಅದು ಇರಲಿ ಅಂಕಲ್. ಮುಂದಿನದು ಯಾವಾಗ?’

ಐದನೆಯದಕ್ಕೆ ಮೂಲೆ ದುಂಡು.
ಕಿಂಗ್‌ಪಿನ್ನಿಗೆ ಟ್ರಾಲರಿನ ಕನೆಕ್ಟಿಂಗ್ ರಾಡಿನ ಬೋಲ್ಟು,
ಸಮುದ್ರದಲ್ಲಿ ಹದಿನಾರು ವರ್ಷ ಬಡಿಸಿಕೊಂಡೂ
ಹಲ್ಲು ಬಿಡದ ಉಕ್ಕು.
ಆದರೂ ಕನ್ನಡಿ ಹಿಡಿದು ಹುಡುಕಿದೆ,
ಎಲ್ಲಾದರೂ ಒಂದು ಗೆರೆ.

ಆದಿತ್ಯವಾರ, ಪೂಜೆಯ ಗಂಟೆಗೂ ಮೊದಲು,
ಇಳಿಜಾರಿನ ಬುಡದಲ್ಲಿ ನಾನು,
ಜೇಬಿನಲ್ಲಿ ಸ್ಪ್ಯಾನರು, ಕೈಯಲ್ಲಿ ಡೆಟ್ಟಾಲು.
ಮೇಲಿಂದ ಸದ್ದು ಮೊದಲು ಬಂತು:
ಕಾಂಕ್ರೀಟಿನ ಸಂದು ಸಂದಿಗೂ ಟಕ್,
ಟಕ್ ಟಕ್,
ಆಮೇಲೆ ಎಣಿಸಲಾಗದಷ್ಟು.
ತಿರುವಿನಲ್ಲಿ ಅವಳು ವಾಲಿದಳು.
ನನ್ನ ಬಲಗೈ ತನ್ನಷ್ಟಕ್ಕೇ ಗಾಳಿಯಲ್ಲಿ
ಇಲ್ಲದ ಚುಕ್ಕಾಣಿಯನ್ನು ತಿರುಗಿಸಿತು.

ದೋಣಿ ಹಾಗಲ್ಲ.
ಬಲಕ್ಕೆ ತಿರುಗಿಸಿದರೆ ಎಡಕ್ಕೆ ವಾಲುತ್ತದೆ,
ಮನಸ್ಸಿಲ್ಲದೆ ಹೊರಟ ನೆಂಟರ ಹಾಗೆ
ಮೈಯೆಲ್ಲ ಆಚೆ.
ನಲವತ್ತು ವರ್ಷ ನಾನು ಕಂಡ ತಿರುವೆಲ್ಲ ಅದೇ.
ಇವಳೋ, ಹೋಗುವ ಕಡೆಗೇ ಮೈ ಚೆಲ್ಲಿದಳು.
ಬೀಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿದಷ್ಟರಲ್ಲಿ
ರಸ್ತೆ ಅವಳ ಜೊತೆಗೇ ಬಗ್ಗಿತ್ತು.

ಬಿಲ್ಲಿನಲ್ಲಿ ‘ಟ್ರಕ್, ಎರಡು’ ಅಂತಲೇ ಬರೆದೆ.
ಜಿಎಸ್‌ಟಿಯವರು ಏನು ಬೇಕಾದರೂ ತಿಳಿಯಲಿ.

ನಿನ್ನೆ ಹಲಗೆಯನ್ನು ಇಲ್ಲೇ ಬಿಟ್ಟು ಹೋಗಿದ್ದಳು.
ಶಟರು ಅರ್ಧ ಎಳೆದು,
ಒಂದು ಕೈಯಲ್ಲಿ ವೈಸು ಹಿಡಿದು,
ಹತ್ತಿ ನಿಂತೆ.
ಎಡಕ್ಕೆ ಒಂದು ಬೆರಳಿನಷ್ಟು ವಾಲಿದೆ.
ಅದೂ ಅಷ್ಟೇ ವಾಲಿ,
ಕೇಳಿಸಿಕೊಂಡ ಹಾಗೆ
ಮೆಲ್ಲಗೆ ಎಡಕ್ಕೆ ಹೊರಟಿತು.

ಹಿಂದಿನ ಬುಷ್ಷು ಮಾತ್ರ ಇನ್ನೂ ಕಿರುಗುಡುತ್ತದೆ.
ನಾಳೆ ತೆಳ್ಳಗಿನ ವಾಷರೊಂದು ಹಾಕಿ ನೋಡಬೇಕು.