ದಿನಕ್ಕೊಂದು

ತ್ಬಿಲಿಸಿಯ ಈ ಹಳೇ ಕಟ್ಟಡದಲ್ಲಿ ಲಿಫ್ಟು
ಕಾಸು ಹಾಕಿದರಷ್ಟೇ ಅಲುಗುತ್ತದೆ.
ಮಕ್ವಾಲಾ ಕಾಸು ಹಾಕುವುದನ್ನು ಬಿಟ್ಟಳು.

ಎಂಟನೇ ಮಹಡಿ. ಗಾಜು ಹೊದ್ದ ಬಾಲ್ಕನಿಯ ತುಂಬ
ಮುಚ್ಚಳ ಕಳೆದ ಸೀಸೆಗಳು, ಮೂಗಾದ ರೇಡಿಯೋ,
ಒಂಟಿ ಸ್ಕೀ ಹಲಗೆ.
‘ಬೇಕಾದೀತು’ ಎಂಬ ಒಂದೇ ಮಾತಿಗೆ ಒರಗಿ
ನಿಂತ ಮೂವತ್ತು ವರ್ಷ.

ಡಾಕ್ಟರು ನಡಿ ಅಂದರು. ಸುಮ್ಮನೆ ನಡೆಯಲು ನಾಚಿಕೆ;
ಕೈಯಲ್ಲೊಂದು ನೆಪವಿರಲೆಂದು
ದಿನಕ್ಕೊಂದು ಸಾಮಾನು ಹಿಡಿದು ಇಳಿದಳು,
ಬರಿಗೈಯಲ್ಲಿ ಹತ್ತಿದಳು.

ಮೊದಲ ವಾರ ಮಂಡಿ ಬೈಯಿತು.
ಆಮೇಲೆ ಎರಡು ದಿನ ತಪ್ಪಿತು:
ಜ್ವರವಲ್ಲ, ಸೋಮಾರಿತನ, ಯಾರಿಗೆ ಸುಳ್ಳು?
ಮೂರನೇ ಬೆಳಿಗ್ಗೆ ಕೆಟ್ಟ ಇಸ್ತ್ರಿಪೆಟ್ಟಿಗೆಯೇ
ಬಾಗಿಲ ಬಳಿ ಕಾಯುತ್ತ ಕೂತಿತ್ತು.

ಸೀಸೆ ಹೋದವು. ರೇಡಿಯೋ ಹೋಯಿತು.
ಸ್ಕೀ ಇಳಿಸುವಾಗ ಮಾತ್ರ ಐದರಲ್ಲಿ ನಿಂತು
ಅದರ ಬೆನ್ನು ಸವರಿದಳು. ಅದರ ಜೋಡಿ
ಗುಡೌರಿಯ ಹಿಮದಲ್ಲೆಲ್ಲೋ ಇದೆ,
ಅವಳ ಇಪ್ಪತ್ತೆರಡರ ಜೊತೆ.

ಇವತ್ತು ಬಾಲ್ಕನಿ ಖಾಲಿ.
ಎದುರು ಮನೆಯ ಬಟ್ಟೆತಂತಿ ಕಾಣುತ್ತಿದೆ.
ಒಯ್ಯಲು ಏನೂ ಇಲ್ಲ. ಕಾಲು ಕೇಳಬೇಕಲ್ಲ,
ಅದಾಗಲೇ ಏಳನೇ ಮಹಡಿಯಲ್ಲಿದೆ.

ಮರಳಿ ಹತ್ತುವಾಗ ಆರರಲ್ಲಿ ವಾಝಾನ ಬಾಗಿಲು ತೆರೆದಿತ್ತು.
ಒಳಗೆ ಟೊಮೆಟೊ ಗಿಡಕ್ಕೆ ಊರುಗೋಲಾಗಿ
ಅವಳ ಸ್ಕೀ.
“ಬೇಕಾದೀತು ಅಂತ ತಂದೆ,” ಅಂದ.

ನಕ್ಕಳು ಮಕ್ವಾಲಾ,
ಏದುಸಿರಿಲ್ಲದೆ.