ಹತ್ತು ಲಕ್ಷದ ಮೂರು

ಹತ್ತು ಲಕ್ಷನೇ ಚೀಟಿಗೆ ಧಣಿ ಹಾಲಸ್ವಾಮಿ
ಪೇಡೆ ಹಂಚಿದರು. ಮೆಕ್ಕೆಜೋಳದ ಆ ಲಾರಿಗೆ
ಚೆಂಡುಹೂವಿನ ಹಾರ, ಡ್ರೈವರಿಗೊಂದು ಟವೆಲ್ಲು,
ವೇಬ್ರಿಡ್ಜಿನ ಮೇಲೆ ನಿಂತು ಎಲ್ಲರದೂ ಫೋಟೊ.
ಅದೇನು ಮಹಾ? ಒಂದರ ಮುಂದೆ ಆರು ಸೊನ್ನೆ,
ಎರಡಕ್ಕೂ ಸೈ, ಐದಕ್ಕೂ ಸೈ,
ಕೇಳಿದವರಿಗೆಲ್ಲ ಪಾಲು ಕೊಟ್ಟು ಕೂರುವ ಅಂಕಿ.

ಪಿ.ಬಿ. ರಸ್ತೆಯ ಚಹಾದಂಗಡಿ ಶಟರ್ ಎಳೆದ ಮೇಲೆ
ಬಂತು ಅದರಾಚೆಯ ಮೂರನೆಯದು. ಮಂಡಕ್ಕಿ ಲೋಡು.
ಕಣ್ಣಿಗೆ ಗುಡ್ಡ, ಕಾಟಾಕ್ಕೆ ಗಾಳಿ.
"ಬೆಳಿಗ್ಗೆ ಎಬ್ಸಣ್ಣ, ಆಗ ಚೀಟಿ ತಗಂತೀನಿ"
ಎಂದು ಜಬೀವುಲ್ಲಾ ಗಾಡಿ ಬದಿಗೆ ಹಚ್ಚಿ ಮಲಗಿದ.

ಚೀಟಿ ನನ್ನ ಹತ್ತಿರ ಉಳಿಯಿತು. ೧೦,೦೦,೦೦೩.

ರಾತ್ರಿ ಪಾಳಿಯವನಿಗೆ ಭಾಗಾಕಾರ ಒಳ್ಳೆಯ ಜೊತೆ.
ಮೂರು ಹಾಕಿದೆ, ಒಂದು ಉಳಿಯಿತು.
ಏಳು ಹಾಕಿದೆ, ನಾಲ್ಕು. ಹನ್ನೊಂದಕ್ಕೆ ನಾಲ್ಕು.
ಹದಿಮೂರಕ್ಕೂ ಅದೇ ನಾಲ್ಕು!
ಕಾರ್ಬನ್ ತಿರುವಿ ಮತ್ತೆ ಮಾಡಿದೆ, ತಪ್ಪಿರಲಿಲ್ಲ.
ಮೂವತ್ತೇಳೂ ನಾಲ್ಕನ್ನೇ ಉಗುಳಿತು,
ಒಂದೇ ಮನೆಯವರು ಒಂದೇ ಸುಳ್ಳು ಹೇಳಿದ ಹಾಗೆ.
ನೂರೊಂದು ಬಾಗಿಲ ತನಕ ಬಂದು ಎರಡು ಬಿಟ್ಟು ಹೋಯಿತು;
ಹಾರದ ಲಾರಿಯ ಬೆನ್ನಿಗೇ ಬಂದ ಟ್ರ್ಯಾಕ್ಟರಿನ ಚೀಟಿ
ಅದಕ್ಕೆ ಸಲೀಸಾಗಿ ಸಿಕ್ಕಿಬಿದ್ದಿತ್ತು.

ಎಂಟನೇ ಕ್ಲಾಸಿನಲ್ಲಿ ವನಜಾಕ್ಷಿ ಟೀಚರ್
ಜೋಳದ ಕಾಳು ಕೊಟ್ಟು ಸಾಲು ಹಚ್ಚಿಸುತ್ತಿದ್ದರು.
ಹನ್ನೆರಡಾದರೆ ಜಮಖಾನ: ಮೂರಕ್ಕೆ ನಾಲ್ಕು, ಎರಡಕ್ಕೆ ಆರು.
ಹದಿಮೂರು ಕೊಟ್ಟರೆ ಉದ್ದನೆ ದಾರ, ಅಷ್ಟೇ.
ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡು
"ಬಂತು ಟೀಚರ್" ಅಂದೆ.
ಅವಿಭಾಜ್ಯ ಅಂತ ನೂರು ಸಲ ಬರೆಸಿದರು.

ಇದನ್ನೂ ಹಾಗೆ ಹಚ್ಚಿದರೆ ಒಂದೇ ಸಾಲು,
ಕಾಳಿಗೆ ಕಾಳು ತಾಗಿಸಿ, ಹರಿಹರದ ಹೊಳೆ ಕಡೆಗೆ
ಎರಡು ಗಂಟೆಯ ನಡಿಗೆ. ಪಕ್ಕಕ್ಕೆ ಇನ್ನೊಂದು ಸಾಲು
ಎಂದೂ ಸರಿಸಮ ನಿಲ್ಲುವುದಿಲ್ಲ.

ಎಲ್ಲಿ ತನಕ ಬಡಿಯಬೇಕು? ಸಾವಿರದ ಒಳಗೆ
ನೂರ ಅರವತ್ತೆಂಟು ಬಾಗಿಲು, ಆಮೇಲೆ ಬೇಡ.
ದೊಡ್ಡವನೊಬ್ಬ ಒಡೆಯುವುದಾದರೆ
ಜೊತೆಗೊಬ್ಬ ಸಣ್ಣವನು ಇರಲೇಬೇಕು,
ಅವನು ಆಗಲೇ ಸಿಕ್ಕಿರುತ್ತಿದ್ದ.

ಕೊನೆಯದು ಒಂಬೈನೂರ ತೊಂಬತ್ತೇಳು. ಹನ್ನೆರಡು ಉಳಿಯಿತು.
ಪೆನ್ನು ಇಟ್ಟೆ. ಎಪಿಎಂಸಿ ಗೇಟಿನಲ್ಲಿ
ಹಮಾಲರು ಬೀಡಿ ಹಚ್ಚುತ್ತಿದ್ದರು.
(ಇದಕ್ಕೆ ಮುಂಚಿನದು ಇಪ್ಪತ್ತು ಚೀಟಿ ಹಿಂದೆಯೇ
ಹೋಗಿಬಿಟ್ಟಿತ್ತು. ಯಾರ ಗಾಡಿಯೋ.
ಅದು ಗೊತ್ತಾದದ್ದು ಎಷ್ಟೋ ರಾತ್ರಿಗಳ ಮೇಲೆ.)

ಜಬೀವುಲ್ಲಾನನ್ನು ಎಬ್ಬಿಸಿ ಹೇಳಿದೆ:
"ಇದು ಯಾತಕ್ಕೂ ಭಾಗ ಆಗಲ್ಲ."
"ಬಾಡಿಗೆನಾ?" ಅಂದ, ಕಣ್ಣುಜ್ಜುತ್ತ.
ಚೀಟಿಯನ್ನು ಸರಿಯಾಗಿ ಎರಡಾಗಿ ಮಡಚಿ
ಕನ್ನಡಿಯ ಹಿಂದೆ ಸಿಕ್ಕಿಸಿ ಹೊರಟ.
ಗಾಡಿ ನಿಂತಿದ್ದ ಜಾಗದಲ್ಲಿ ಮಂಡಕ್ಕಿ ಉದುರಿತ್ತು.
ಎಣಿಸಿದೆ. ನಾಲ್ಕು.